ಲೆಕ್ಕಕ್ಕೂ ಬೇಕು ಸರಿಯಾದ ಮಾತು

ಮುಂಬಯಿ: ಕೂಡಿಸುವುದು, ಕಳೆಯುವುದು ಬಂದರೂ ಪ್ರಶ್ನೆಯೇ ಅರ್ಥವಾಗುವುದಿಲ್ಲ ಎಂಬುದು ಪ್ರಾಥಮಿಕ ಶಾಲೆಯ ಮಕ್ಕಳ ಬಗ್ಗೆ ಪಾಲಕರಿಂದ ಕೇಳಿಬರುವ ಸಾಮಾನ್ಯ ದೂರು. ಮನೆಯಲ್ಲಿ ತುಳು-ಕನ್ನಡ, ಆಟದ ಅಂಗಳದಲ್ಲಿ ಹಿಂದಿ-ಮರಾಠಿ, ತರಗತಿಯಲ್ಲಿ ಇಂಗ್ಲಿಷ್ ಎಂಬ ವಾತಾವರಣದಲ್ಲಿ ಬೆಳೆಯುವ ಇಲ್ಲಿನ ಕನ್ನಡಿಗರ ಮಕ್ಕಳನ್ನು ಎಷ್ಟೋ ಬಾರಿ ಕಾಡುವುದು ಲೆಕ್ಕವಲ್ಲ, ಲೆಕ್ಕದ ಮಾತು. ಇಂಗ್ಲಿಷ್ ಗಣಿತ ತಮಗೆ ಬಾರದೆಂದು ತಾಯಂದಿರು, ಅಜ್ಜ-ಅಜ್ಜಿಯರು ಹಿಂದೆ ಸರಿದರೆ ಮಗುವಿಗೆ ಟ್ಯೂಷನ್ ಒಂದೇ ಗತಿ. ಆದರೆ ಹಾಗೆ ಹಿಂಜರಿಯಬೇಕಾದ ಅಗತ್ಯವಿಲ್ಲ.

ದಿನನಿತ್ಯದ ಮಾತಿನಲ್ಲಿ ನಡೆಯುವ ಸಡಿಲ ಪದ ಗಣಿತದಲ್ಲಿ ನಡೆಯದು. ದೋಸೆ ಹಂಚುವಾಗ ‘ದೊಡ್ಡ ಅರ್ಧ ನನಗೆ’ ಎನ್ನುವ ಮಗುವಿಗೆ, ಎರಡೂ ಪಾಲು ಸಮನಾಗಿದ್ದರೆ ಮಾತ್ರ ಅರ್ಧ, ಇಲ್ಲವಾದರೆ ಬರೀ ತುಂಡು ಎಂದು ತಿಳಿಸಿದರೆ ಭಿನ್ನರಾಶಿಯ ಮೊದಲ ಪಾಠ ಅಡುಗೆಮನೆಯಲ್ಲೇ ಆದಂತೆ. ಚೆಂಡು, ಬಳೆ ಎರಡನ್ನೂ ‘ಗುಂಡಗಿದೆ’ ಎನ್ನುವುದು ರೂಢಿ. ಗಣಿತದಲ್ಲಿ ಚೆಂಡಿನದು ಗೋಳ, ಬಳೆಯದು ವೃತ್ತ. 47 ಎಂಬುದು ಸಂಖ್ಯೆ, 4 ಮತ್ತು 7 ಅದರ ಅಂಕಿಗಳು, ಅಲ್ಲಿ 4ರ ಸ್ಥಾನಬೆಲೆ 40.

ಮುಂಬಯಿಯಲ್ಲಿ ‘ಐನೂರು ಫೀಟಿನ ಮನೆ’ ಎಂಬ ಮಾತು ಸಾಮಾನ್ಯ. ಐನೂರು ಅಡಿ ಎಂಬುದು ಉದ್ದ. ಮನೆಯ ವಿಸ್ತೀರ್ಣ ಐನೂರು ಚದರ ಅಡಿ. ‘ಚದರ’ ಎಂಬ ಒಂದು ಪದ ಬಿಟ್ಟುಹೋದಲ್ಲಿಂದಲೇ ಸುತ್ತಳತೆ ಮತ್ತು ವಿಸ್ತೀರ್ಣಗಳ ಗೊಂದಲ ಶುರುವಾಗಬಹುದು. ‘ಅಣ್ಣನ ಬಳಿ 8 ಗೋಲಿಗಳಿವೆ, ಅವು ತಂಗಿಯ ಗೋಲಿಗಳಿಗಿಂತ 3 ಹೆಚ್ಚು, ತಂಗಿಯ ಬಳಿ ಎಷ್ಟು?’ ಎಂದು ಕೇಳಿದಾಗ ‘ಹೆಚ್ಚು’ ಎಂಬ ಪದ ಕಂಡೊಡನೆ ಕೂಡಿಸಿ 11 ಎನ್ನುವ ಮಕ್ಕಳಿದ್ದಾರೆ. ಸರಿಯುತ್ತರ 5. ಹತ್ತರಿಂದ ಗುಣಿಸುವಾಗ ‘ಕೊನೆಗೊಂದು ಸೊನ್ನೆ ಹಚ್ಚು’ ಎಂದು ಕಲಿತ ಮಗು ಮುಂದೆ 4.5ನ್ನು ಗುಣಿಸಿ 4.50 ಎಂದು ಬರೆದೀತು. ಅಂಕಿಗಳು ಒಂದು ಸ್ಥಾನ ಎಡಕ್ಕೆ ಸರಿಯುತ್ತವೆ ಎಂದು ಕಲಿತಿದ್ದರೆ ಉತ್ತರ 45 ಎಂದು ತಿಳಿಯುತ್ತಿತ್ತು.

ಸಂಖ್ಯೆಗಳ ಹೆಸರಿನಲ್ಲಂತೂ ಕನ್ನಡ ಮಕ್ಕಳಿಗೆ ದೊಡ್ಡ ಆಸರೆ. ಇಪ್ಪತ್ತೊಂದು ಎಂದರೆ ಮೊದಲು ಇಪ್ಪತ್ತು, ಆಮೇಲೆ ಒಂದು. ಬರೆಯುವುದೂ ಅದೇ ಕ್ರಮದಲ್ಲಿ. ಮರಾಠಿಯ ‘ಏಕ್‌ವೀಸ್’ನಲ್ಲಿ ಒಂದು ಮೊದಲು ಬರುತ್ತದೆ. 29ಕ್ಕೆ ‘ಏಕೋಣ್‌ತೀಸ್’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ‘ಬಾಲಭಾರತಿ’ಯು ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ‘ವೀಸ್ ಏಕ್’ ಎಂಬ ರೀತಿಯನ್ನು ತಂದಾಗ ಎದ್ದ ವಿವಾದ ವಿಧಾನಮಂಡಲದವರೆಗೂ ಹೋಗಿತ್ತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಡಾ. ಮಂಗಲಾ ನಾರಳೀಕರ್ ಅವರು ಈ ಬದಲಾವಣೆಯನ್ನು ಸಮರ್ಥಿಸಿದ್ದರು. ಅಲ್ಲಿ ಹೊಸದಾಗಿ ತರಲು ಹೊರಟ ಕ್ರಮ ಕನ್ನಡದ ಮನೆಯಲ್ಲಿ ಮೊದಲಿನಿಂದಲೂ ಇದೆ ಎಂಬುದು ಗಮನಾರ್ಹ.

ಹಾಗಾದರೆ ಪಾಲಕರು ಮಾಡಬೇಕಾದುದೇನು? ಉತ್ತರ ಎಷ್ಟು ಎಂದಷ್ಟೇ ಕೇಳದೆ, ಅದು ಹೇಗೆ ಬಂತು ಎಂದು ಪೂರ್ಣ ವಾಕ್ಯದಲ್ಲಿ ಹೇಳಿಸಬೇಕು. ಮಗು ಪದ ತಪ್ಪಿದರೆ ಗದರದೆ, ಸರಿಯಾದ ಪದ ಬಳಸಿ ಅದೇ ಮಾತನ್ನು ತಿರುಗಿ ಹೇಳಿದರೆ ಸಾಕು. ಅಂಶಕ್ಕೆ ನ್ಯೂಮರೇಟರ್, ಛೇದಕ್ಕೆ ಡಿನಾಮಿನೇಟರ್, ಸುತ್ತಳತೆಗೆ ಪೆರಿಮೀಟರ್, ವಿಸ್ತೀರ್ಣಕ್ಕೆ ಏರಿಯಾ ಎಂದು ಎರಡೂ ಪದಗಳನ್ನು ಜೋಡಿಸಿಕೊಟ್ಟರೆ ಶಾಲೆಯ ಪಾಠಕ್ಕೂ ಮನೆಯ ಮಾತಿಗೂ ನಂಟು ಬೆಳೆಯುತ್ತದೆ. ಕನ್ನಡ ಪದಗಳು ಗೊತ್ತಿಲ್ಲದವರಿಗೆ ಬಾಲಭಾರತಿಯ ಕನ್ನಡ ಮಾಧ್ಯಮದ ಗಣಿತ ಪುಸ್ತಕಗಳೇ ನೆರವಾಗುತ್ತವೆ.

ಕನ್ನಡ ಸಂಘಗಳು ನಡೆಸುವ ಕನ್ನಡ ಕಲಿಕಾ ವರ್ಗಗಳಲ್ಲಿ ವರ್ಣಮಾಲೆ, ಹಾಡುಗಳ ಜೊತೆ ಹತ್ತು ನಿಮಿಷ ಈ ಲೆಕ್ಕದ ಮಾತಿಗೂ ಮೀಸಲಾಗಲಿ. ಮನೆಮಾತು ಪರೀಕ್ಷೆಗೆ ಉಪಯೋಗವಿಲ್ಲ ಎನ್ನುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇರಿಲ್ಲ.