ನಾಣ್ಯದ ಮೇಲೆ ಮೊದಲ ಉಗಿಬಂಡಿ

ರೈಲು ಎಂಜಿನ್ ಕಂಡುಹಿಡಿದವರು ಯಾರು? ಈ ಪ್ರಶ್ನೆಗೆ ಜಾರ್ಜ್ ಸ್ಟೀಫನ್‌ಸನ್ ಎಂದು ಥಟ್ಟನೆ ಉತ್ತರಿಸುವ ವಿದ್ಯಾರ್ಥಿಗಳೇ ಹೆಚ್ಚು. ಆದರೆ ಬ್ರಿಟನ್ನಿನ ಟಂಕಸಾಲೆ 2004ರಲ್ಲಿ ಹೊರತಂದ ಎರಡು ಪೌಂಡ್ ನಾಣ್ಯ ಬೇರೆಯೇ ಹೆಸರು ಹೇಳುತ್ತದೆ. ಅದು ರಿಚರ್ಡ್ ಟ್ರೆವಿಥಿಕ್.

ಎರಡು ಬಣ್ಣದ ಲೋಹಗಳ ಈ ನಾಣ್ಯದ ಒಂದು ಮುಖದಲ್ಲಿ ರಾಣಿ ಎಲಿಜಬೆತ್. ಇನ್ನೊಂದು ಮುಖದಲ್ಲಿ ಹಲ್ಲುಚಕ್ರದೊಂದಿಗೆ ಒಂದು ಉಗಿ ಎಂಜಿನ್. ಸುತ್ತಲೂ ಟ್ರೆವಿಥಿಕ್‌ನ ಹೆಸರು, 1804 ಮತ್ತು 2004 ಎಂಬ ಎರಡು ಇಸವಿಗಳು, ಜೊತೆಗೆ ‘ಆವಿಷ್ಕಾರ, ಉದ್ಯಮ, ಪ್ರಗತಿ’ ಎಂಬರ್ಥದ ಮೂರು ಇಂಗ್ಲಿಷ್ ಪದಗಳು.

1804ರಲ್ಲಿ ನಡೆದದ್ದಾದರೂ ಏನು? ವೇಲ್ಸ್ ಪ್ರಾಂತ್ಯದ ಪೆನಿಡರೆನ್ ಕಬ್ಬಿಣದ ಕಾರ್ಖಾನೆಯ ಒಡೆಯ ಸ್ಯಾಮ್ಯುಯೆಲ್ ಹೋಮ್‌ಫ್ರೇ 500 ಗಿನಿಗಳ ಪಂಥ ಕಟ್ಟಿದ್ದ. ಕುದುರೆಗಳು ಎಳೆಯುತ್ತಿದ್ದ 10 ಟನ್ ಕಬ್ಬಿಣವನ್ನು ಉಗಿ ಎಂಜಿನ್ ಎಳೆಯಬೇಕು! ಫೆಬ್ರವರಿ 21ರಂದು ಟ್ರೆವಿಥಿಕ್‌ನ ಎಂಜಿನ್ ಐದು ಬಂಡಿಗಳಲ್ಲಿ ಆ ಕಬ್ಬಿಣವನ್ನಷ್ಟೇ ಅಲ್ಲ, 70 ಜನರನ್ನೂ ಎಳೆದುಕೊಂಡು ಹೊರಟಿತು. ದಾರಿಗೆ ಅಡ್ಡವಿದ್ದ ಮರಗಳನ್ನು ಕಡಿದು, ಬಂಡೆಗಳನ್ನು ಸರಿಸಿ, ಸುಮಾರು 16 ಕಿ.ಮೀ. ದೂರವನ್ನು 4 ಗಂಟೆ 5 ನಿಮಿಷದಲ್ಲಿ ಕ್ರಮಿಸಿತು.

ಇದರ ಗುಟ್ಟು ಅಧಿಕ ಒತ್ತಡದ ಉಗಿ. ಜೇಮ್ಸ್ ವ್ಯಾಟ್‌ನ ಎಂಜಿನ್‌ಗಳು ಕಡಿಮೆ ಒತ್ತಡದಲ್ಲಿ ಕೆಲಸ ಮಾಡುತ್ತಿದ್ದುದರಿಂದ ಗಾತ್ರದಲ್ಲಿ ಬಲು ದೊಡ್ಡವು. ಒಂದೆಡೆ ನೆಟ್ಟು ನಿಲ್ಲಿಸಬೇಕಾಗಿತ್ತು. ಒತ್ತಡ ಹೆಚ್ಚಿಸಿದಾಗ ಚಿಕ್ಕ ಎಂಜಿನ್ನೇ ಸಾಕಾಯಿತು. ಹಾಗಾಗಿ ಅದಕ್ಕೆ ಗಾಲಿ ಕಟ್ಟಲು ಸಾಧ್ಯವಾಯಿತು.

ಗೆದ್ದರೂ ಟ್ರೆವಿಥಿಕ್‌ಗೆ ಫಲ ದಕ್ಕಲಿಲ್ಲ. ಎಂಜಿನ್ನಿನ ಭಾರಕ್ಕೆ ಎರಕದ ಕಬ್ಬಿಣದ ಹಳಿಗಳು ಮುರಿಯತೊಡಗಿದವು. ಕುದುರೆಗಳು ಮತ್ತೆ ಬಂದವು. ಗಟ್ಟಿ ಹಳಿಗಳು ಬಂದ ಮೇಲೆ, 1825ರಲ್ಲಿ, ಸ್ಟೀಫನ್‌ಸನ್ ಯಶಸ್ಸು ಕಂಡ. ಅದೃಷ್ಟ ಅರಸಿ ದಕ್ಷಿಣ ಅಮೆರಿಕಕ್ಕೆ ಹೋಗಿದ್ದ ಟ್ರೆವಿಥಿಕ್ 1827ರಲ್ಲಿ ಬರಿಗೈಯಲ್ಲಿ ಮರಳಿದ. 1833ರಲ್ಲಿ ಡಾರ್ಟ್‌ಫರ್ಡ್ ಪಟ್ಟಣದಲ್ಲಿ ತೀರಿಕೊಂಡಾಗ ಜೊತೆ ಕೆಲಸಗಾರರೇ ಹಣ ಕೂಡಿಸಿ ಶವಸಂಸ್ಕಾರ ಮಾಡಿದರು. ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ.

ಅಂಥವನ ಹೆಸರು ಹೊತ್ತ 50 ಲಕ್ಷಕ್ಕೂ ಹೆಚ್ಚು ನಾಣ್ಯಗಳು ಇನ್ನೂರು ವರ್ಷಗಳ ನಂತರ ಜನರ ಕೈಗೆ ಬಂದವು. ಮೊದಲ ಯತ್ನ ಹಳಿ ಮುರಿದು ನಿಂತಿರಬಹುದು. ಆದರೆ ಮುಂದಿನವರು ಸಾಗಿದ್ದು ಅದೇ ದಾರಿಯಲ್ಲಿ. ಮಕ್ಕಳೇ, ರೈಲಿನ ಕಥೆ ಬರೆಯುವಾಗ ಸ್ಟೀಫನ್‌ಸನ್ ಹೆಸರಿಗೆ ಮುಂಚೆ ಟ್ರೆವಿಥಿಕ್‌ನಿಗೂ ಒಂದು ಸಾಲು ಮೀಸಲಿಡಿ.