ನರ ತೆಗೆದ ಹಲ್ಲೂ ನೋಯುವುದೇಕೆ?

ಕಳೆದ ತಿಂಗಳು ನಮ್ಮ ಸಂಘದ ನಾಟಕದ ತಾಲೀಮಿಗೆ ಬಂದ ಹುಡುಗನೊಬ್ಬ ಕೆನ್ನೆಗೆ ಕೈಯೊತ್ತಿ ಮೂಲೆಯಲ್ಲಿ ಕುಳಿತಿದ್ದ. “ಡಾಕ್ಟರಂಕಲ್, ಮೊನ್ನೆ ರೂಟ್ ಕೆನಾಲ್ ಆಯ್ತು. ನರಾನೇ ತೆಗೆದ್ರಂತೆ. ಹಾಗಾದ್ರೆ ನೋವು ಯಾಕೆ? ಇದನ್ನ ಕೀಳಿಸೇ ಬಿಡ್ತೀನಿ” ಎಂದ. ವಯಸ್ಸು ಇನ್ನೂ ಇಪ್ಪತ್ತು! ಯುವ ಮಿತ್ರರೇ, ನಾಳೆ ಈ ಪ್ರಶ್ನೆ ನಿಮ್ಮದೂ ಆಗಬಹುದು. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ರೂಟ್ ಕೆನಾಲ್‌ನಲ್ಲಿ ನಾವು ತೆಗೆಯುವುದು ಹಲ್ಲಿನ ಒಳಗಿನ ನರವನ್ನು ಮಾತ್ರ. ಹಲ್ಲು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿನ ಸುತ್ತ ತೆಳುವಾದ ಪೊರೆಯೊಂದಿದೆ. ಅದಕ್ಕೆ ತನ್ನದೇ ನರಗಳಿವೆ, ಅವು ಹಾಗೆಯೇ ಉಳಿಯುತ್ತವೆ. ಬೇರಿನೊಳಗಿನ ನಾಳವನ್ನು ಸಣ್ಣ ಅರಗಳಿಂದ ಉಜ್ಜಿ, ಔಷಧಿಯಿಂದ ತೊಳೆಯುವಾಗ ಬೇರಿನ ತುದಿಯ ಭಾಗ ಕೆರಳುತ್ತದೆ. ಆದ್ದರಿಂದಲೇ ಕಚ್ಚಿದಾಗ ನೋವು. ಸಾಮಾನ್ಯವಾಗಿ ಮೊದಲ ಒಂದೆರಡು ದಿನ ಹೆಚ್ಚಾಗಿದ್ದು, ವಾರದೊಳಗೆ ಇಳಿಯುತ್ತದೆ.

ಇನ್ನು ಒಳಗೆ ತುಂಬುವ ವಸ್ತುವಿನ ಕಥೆ ಕೇಳಿ. ಅದರ ಹೆಸರು ಗಟಾಪರ್ಚಾ. ಮಲಯ ನಾಡಿನ ಮರದ ಹಾಲಿನಿಂದ ಬರುವ ಅಂಟು. ಈ ಮರ ನಮ್ಮ ಸಪೋಟದ ಕುಟುಂಬಕ್ಕೇ ಸೇರಿದ್ದು. 1843ರಲ್ಲಿ ಇದರ ಮಾದರಿ ಲಂಡನ್ ತಲುಪಿತು. ನೀರಿಗೆ ಕೆಡದ ಗುಣದಿಂದಾಗಿ ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾಯಿತು. 1870ರಲ್ಲಿ ಸೂಯೆಜ್‌ನಿಂದ ಏಡನ್ ಮಾರ್ಗವಾಗಿ ಮುಂಬಯಿಗೆ ಬಂದ ಟೆಲಿಗ್ರಾಫ್ ತಂತಿಗೂ ಇದೇ ಹೊದಿಕೆ. ಅಮೆರಿಕದ ಬೌಮನ್ ಎಂಬ ದಂತವೈದ್ಯ 1867ರಲ್ಲಿ ಇದನ್ನು ಹಲ್ಲಿನ ಬೇರಿಗೆ ತುಂಬಿದ.

ಇಂದಿನ ಗಟಾಪರ್ಚಾ ಕಡ್ಡಿಯಲ್ಲಿ ಆ ಅಂಟು ಸುಮಾರು ಐದರಲ್ಲಿ ಒಂದು ಪಾಲು. ಹೆಚ್ಚಿನದು ಸತುವಿನ ಆಕ್ಸೈಡ್. ಅದು ತಾನಾಗಿ ಹಲ್ಲಿನ ಗೋಡೆಗೆ ಅಂಟದು. ಸಂದು ಮುಚ್ಚಲು ಸಿಮೆಂಟಿನಂಥ ಲೇಪ ಬೇಕು. ಲವಂಗದೆಣ್ಣೆಯ ಸಾರವಾದ ಯೂಜಿನಾಲ್ ಬೆರೆಸಿದ ಲೇಪ ಹಳೆಯದು. ದಂತವೈದ್ಯರ ಕೋಣೆಯ ಆ ವಾಸನೆಗೆ ಇದೂ ಕಾರಣ. ಈಗ ರಾಳದ ಲೇಪಗಳೂ ಕ್ಯಾಲ್ಸಿಯಂ ಸಿಲಿಕೇಟಿನ ಲೇಪಗಳೂ ಬಂದಿವೆ. ಲೇಪ ಬೇರಿನ ತುದಿ ದಾಟಿ ಚೂರು ಹೊರಬಂದರೆ ಕೆಲವು ದಿನ ನೋವಿದ್ದು ಸಾಮಾನ್ಯವಾಗಿ ಶಮನವಾಗುತ್ತದೆ. ಆದರೆ ಕೆಳದವಡೆಯ ಚಿಕಿತ್ಸೆಯ ನಂತರ, ಇಂಜೆಕ್ಷನ್ನಿನ ಮರಗಟ್ಟುವಿಕೆ ಇಳಿಯಬೇಕಾದ ಹೊತ್ತು ಕಳೆದರೂ ತುಟಿ ಜೋಮು ಹಿಡಿದೇ ಇದ್ದರೆ, ಅಂದೇ ವೈದ್ಯರಿಗೆ ತಿಳಿಸಿ.

ನೀವು ಮಾಡಬೇಕಾದದ್ದೇನು? ವೈದ್ಯರು ಹೇಳಿದ ನೋವಿನ ಮಾತ್ರೆಯನ್ನು ಊಟವಾದ ಮೇಲೆ ನುಂಗಿ. ಹೊಟ್ಟೆಹುಣ್ಣು, ಆಸ್ತಮಾ, ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಿ. ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಬೇಡಿ, ಸುಟ್ಟ ಗಾಯವಾಗುತ್ತದೆ. ಮೆಡಿಕಲ್ ಅಂಗಡಿಯಿಂದ ನೀವೇ ಆ್ಯಂಟಿಬಯಾಟಿಕ್ ತಂದು ನುಂಗಬೇಡಿ. ಬರೀ ನೋವಿಗೆ ಅದು ಮದ್ದಲ್ಲ. ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಕಷ್ಟವಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ನುಂಗಲು ಇಲ್ಲವೆ ಉಸಿರಾಡಲು ಕಷ್ಟವಾದರೆ ನೇರ ಆಸ್ಪತ್ರೆಗೇ ನಡೆಯಿರಿ.

ಇನ್ನೊಂದು ಮಾತು. ನೋವು ಹೋಯಿತೆಂದು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ತಾತ್ಕಾಲಿಕ ಫಿಲ್ಲಿಂಗ್ ಸವೆದರೆ ಸೋಂಕು ಮತ್ತೆ ಒಳನುಗ್ಗುತ್ತದೆ. ದವಡೆ ಹಲ್ಲಿಗೆ ಸಾಮಾನ್ಯವಾಗಿ ಕ್ಯಾಪ್ ಬೇಕೇ ಬೇಕು. ಇಲ್ಲದಿದ್ದರೆ ಒಂದು ದಿನ ಅದು ಸೀಳಿಹೋಗಬಹುದು.

ಆ ಹುಡುಗನ ಕಥೆ ಏನಾಯಿತೆಂದಿರಾ? ಅವನ ಫಿಲ್ಲಿಂಗ್ ಕೂದಲೆಳೆಯಷ್ಟು ಎತ್ತರವಾಗಿತ್ತು. ಕಚ್ಚಿದಾಗಲೆಲ್ಲ ಭಾರವೆಲ್ಲ ಆ ಹಲ್ಲಿನ ಮೇಲೆಯೇ. ಅವನ ವೈದ್ಯರು ಅದನ್ನು ಉಜ್ಜಿ ತಗ್ಗಿಸಿದರು. ಎರಡು ನಿಮಿಷದ ಕೆಲಸ! ಮುಂದಿನ ಭಾನುವಾರ ತಾಲೀಮಿನಲ್ಲಿ ಅವನ ದನಿಯೇ ಎಲ್ಲರಿಗಿಂತ ಜೋರು.

“ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ” ಎಂಬ ಮಾತನ್ನು ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಕಡಲೆ ನಾಳೆಯೂ ಸಿಕ್ಕೀತು. ಎರಡು ದಿನದ ನೋವಿಗೆ ಹೆದರಿ ಹಲ್ಲನ್ನು ಮಾತ್ರ ಕಳೆದುಕೊಳ್ಳಬೇಡಿ.