ಕುತ್ತಿಗೆಯೊಳಗಿನ ಯಂಗ್ಸ್ ಮಾಡ್ಯುಲಸ್

ಮಾವಿನಹಣ್ಣು ಕೊಳ್ಳುವಾಗ ನಾವೆಲ್ಲ ಹೆಬ್ಬೆರಳಿಂದ ಸ್ವಲ್ಪ ಒತ್ತಿ ನೋಡ್ತೀವಿ. ಡಾಕ್ಟರು ಕುತ್ತಿಗೆಯ ಥೈರಾಯ್ಡ್ ಗ್ರಂಥಿಯನ್ನು ಮುಟ್ಟಿ ನೋಡೋದೂ ಹೆಚ್ಚುಕಡಿಮೆ ಹಾಗೇ. ಬೆರಳಿಗೆ ತಿಳಿಯುವ ಆ ಗಟ್ಟಿತನವನ್ನು ಸಂಖ್ಯೆಯಲ್ಲಿ ಹೇಳೋದೇ ಎಲಾಸ್ಟೋಗ್ರಫಿ.

ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಲ್ಲಿ ಯಾರಿಗಾದರೂ ಕುತ್ತಿಗೆ ಊದಿದರೆ ಗಳಗಂಡ ಅಂತೀವಿ, ಅಯೋಡಿನ್ ಉಪ್ಪಿನ ಮಾತು ಬರುತ್ತೆ. ಆದರೆ ಅಯೋಡಿನ್ ಉಪ್ಪು ತಿನ್ನೋರಿಗೂ ಬರುವ ಒಂದು ಕಾಯಿಲೆ ಇದೆ: ಹಶಿಮೊಟೊ. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೊಟೊ ಇದನ್ನು ವಿವರಿಸಿದರು. ಹೆಣ್ಣುಮಕ್ಕಳಲ್ಲೇ ಇದು ಹೆಚ್ಚು. ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮದೇ ರಕ್ಷಣಾ ವ್ಯವಸ್ಥೆ ಥೈರಾಯ್ಡ್ ಮೇಲೆ ತಿರುಗಿ ಬೀಳುತ್ತೆ. ಬಿಳಿ ರಕ್ತಕಣಗಳು ಗ್ರಂಥಿಯೊಳಗೆ ತುಂಬಿಕೊಳ್ಳುತ್ತವೆ. ಬರಬರುತ್ತಾ ಗಾಯದ ಕಲೆಯಂಥ ನಾರು ಬೆಳೆದು ಗ್ರಂಥಿ ಗಟ್ಟಿಯಾಗುತ್ತೆ.

ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಈ ಗಟ್ಟಿತನ ಅಳೆಯೋಕೆ ಆಗಲ್ಲ ಯಾಕೆ? ಅಲ್ಟ್ರಾಸೌಂಡ್ ಮೆತ್ತಗಿನ ಅಂಗಾಂಶದಲ್ಲೂ ಗಟ್ಟಿ ಅಂಗಾಂಶದಲ್ಲೂ ಹತ್ತಿರಹತ್ತಿರ ಒಂದೇ ವೇಗದಲ್ಲಿ, ಸೆಕೆಂಡಿಗೆ ಸುಮಾರು 1540 ಮೀಟರ್, ಓಡುತ್ತೆ. ಅದಕ್ಕೇ ಯಂತ್ರ ಬೇರೆ ದಾರಿ ಹಿಡಿಯುತ್ತೆ. ಜೋರಾದ ಒಂದು ಅಲ್ಟ್ರಾಸೌಂಡ್ ಕಿರಣದಿಂದ ಗ್ರಂಥಿಯನ್ನು ಒಳಗೇ ಮೆಲ್ಲಗೆ ತಳ್ಳುತ್ತೆ. ಆಗ ಪಕ್ಕಕ್ಕೆ ಒಂದು ಶಿಯರ್ ಅಲೆ ಹೊರಡುತ್ತೆ. ಬಟ್ಟೆ ಒಣಗಿಸುವ ಹಗ್ಗ ನೆನಪಿಸಿಕೊಳ್ಳಿ: ಸಡಿಲ ಹಗ್ಗದಲ್ಲಿ ಅಲೆ ನಿಧಾನ, ಬಿಗಿದ ಹಗ್ಗದಲ್ಲಿ ಬೇಗ. ಇಲ್ಲೂ ಗಟ್ಟಿಯಾದಷ್ಟೂ ವೇಗ ಹೆಚ್ಚು. ಸೆಕೆಂಡಿಗೆ ಕೆಲವೇ ಮೀಟರ್ ಸಾಗುವ ಈ ಅಲೆಯನ್ನು ಯಂತ್ರ ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆದು ಹಿಡಿಯುತ್ತೆ.

ಮುಂದಿನ ಲೆಕ್ಕ ನಮ್ಮ ಸಿಲಬಸ್‌ನದೇ. ಯಂಗ್ಸ್ ಮಾಡ್ಯುಲಸ್ ಅಂದರೆ 3 × ಸಾಂದ್ರತೆ × ವೇಗದ ವರ್ಗ. ಸಾಂದ್ರತೆ 1000 ಅಂತ ಹಿಡಿದರೆ, ವೇಗ 2 ಇದ್ದಾಗ 12 ಕಿಲೋಪಾಸ್ಕಲ್, 3 ಆದಾಗ 27. ಸರಾಸರಿ ನೋಡಿದರೆ ಹಶಿಮೊಟೊ ಗ್ರಂಥಿಯ ಸಂಖ್ಯೆ ಆರೋಗ್ಯವಂತರದ್ದಕ್ಕಿಂತ ಜಾಸ್ತಿ.

ಆದರೆ ಸರಾಸರಿ ಬೇರೆ, ಎದುರಿಗೆ ಕೂತ ರೋಗಿ ಬೇರೆ. ಕಾಯಿಲೆ ಇರೋರ ಮತ್ತು ಇಲ್ಲದೋರ ಸಂಖ್ಯೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಪ್ರೋಬ್ ಸ್ವಲ್ಪ ಜೋರಾಗಿ ಒತ್ತಿದರೂ ಸಂಖ್ಯೆ ಏರುತ್ತೆ. ಪಕ್ಕದ ಕುತ್ತಿಗೆ ರಕ್ತನಾಳದ ಬಡಿತವೂ ಅಳತೆ ಕೆಡಿಸಬಹುದು. ಯಂತ್ರ ಬದಲಾದರೆ ಉತ್ತರವೂ ಬದಲಾಗಬಹುದು. ಇನ್ನೊಂದು ಮಾತು: ಗಂಟು, ಕ್ಯಾನ್ಸರ್, ಬೇರೆ ಬಗೆಯ ಉರಿಯೂತ, ಇವೂ ಗಟ್ಟಿಯಾಗಿಯೇ ಇರಬಹುದು. ಚಿತ್ರ 'ಗಟ್ಟಿ ಇದೆ' ಅನ್ನುತ್ತೆ, 'ಯಾಕೆ' ಅನ್ನಲ್ಲ. ಗ್ರಂಥಿ ಹಾರ್ಮೋನ್ ಸಾಕಷ್ಟು ತಯಾರಿಸುತ್ತಿದೆಯಾ ಅನ್ನೋದನ್ನೂ ಹೇಳಲ್ಲ.

ಅದನ್ನು ಹೇಳೋದು ರಕ್ತ ಪರೀಕ್ಷೆ. ಟಿಎಸ್‌ಎಚ್ ಮತ್ತು ಟಿ4 ಹಾರ್ಮೋನಿನ ಲೆಕ್ಕ ಕೊಡುತ್ತವೆ, ಆ್ಯಂಟಿ-ಟಿಪಿಒ ಕಾರಣದ ಸುಳಿವು ಕೊಡುತ್ತೆ. ಮಾತ್ರೆ ಬೇಕೋ, ಎಷ್ಟು ಬೇಕೋ ಅಂತ ಡಾಕ್ಟರು ತೀರ್ಮಾನಿಸೋದು ಮುಖ್ಯವಾಗಿ ಇವುಗಳಿಂದ, ಗಟ್ಟಿತನದ ಬಣ್ಣಗಳಿಂದಲ್ಲ. ಸುಮ್ಮಸುಮ್ಮನೆ ದಣಿವು, ತೂಕ ಏರಿಕೆ, ಚಳಿ ತಡೆಯದಿರೋದು, ಮುಟ್ಟಿನ ಏರುಪೇರು ಅಂತ ಮನೆಯಲ್ಲಿ ಅವ್ವನೋ ಅಕ್ಕನೋ ಹೇಳಿದರೆ 'ಕೆಲಸ ಜಾಸ್ತಿ ಆಗೇತಿ' ಅಂತ ಬಿಡಬೇಡಿ. ಮಿಶ್ರಿಕೋಟಿಯಿಂದ ಹುಬ್ಬಳ್ಳಿ ಬಸ್ ಹತ್ತೋದು ಎಲಾಸ್ಟೋಗ್ರಫಿ ಹುಡುಕಿಕೊಂಡು ಅಲ್ಲ. ಮೊದಲು ಡಾಕ್ಟರಿಗೆ ತೋರಿಸಿ, ಟಿಎಸ್‌ಎಚ್ ಮಾಡಿಸೋಣ್ವಾ ಅಂತ ಕೇಳಿ. ಸ್ಕ್ಯಾನ್ ಬೇಕಿದ್ದರೆ ಅವರೇ ಬರೆದುಕೊಡ್ತಾರೆ.

ಯಾರು ಒತ್ತಿದರೂ, ಯಾವ ಯಂತ್ರದಲ್ಲಿ ನೋಡಿದರೂ ಒಂದೇ ಸಂಖ್ಯೆ ಬರುವಂತೆ ಮಾಡೋ ಕೆಲಸ ಇನ್ನೂ ಬಾಕಿ ಇದೆ. ಅದು ಎಂಜಿನಿಯರುಗಳ, ಅಂದರೆ ನಮ್ಮ ಕೆಲಸ.